ತೊಂಬತ್ತಾರು ಪರ್ಸೆಂಟ್ ಅಣ್ಣ

ತೇಗ್ಯುನ ಮಂಡಿ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಜನ ಪಕ್ಕದ ಮನೆಯವ್ರ ಕಾರ್ ನೋಡಿ ಉರ್ಕೋತಾರೆ, ಬೇರೆಯವ್ರ ಹುಡುಗಿ ನೋಡಿ ಉರ್ಕೋತಾರೆ. ನಾನು ಮಂಡಿ ನೋಡಿ. ಅದೂ ಎಡಗಾಲಿಂದು.

ನಾವಿಬ್ರೂ ಕೊರಿಯಾದ ಬೂಸಾನ್‌ನಲ್ಲಿ ಸಿನಿಮಾ ಫೈಟರ್‌ಗಳು. ಸಿನಿಮಾದಲ್ಲಿ ಹೀರೋ ಬಿಲ್ಡಿಂಗ್ ಮೇಲಿಂದ ಹಾರ್ತಾನಲ್ಲ, ಅದು ಹೀರೋ ಅಲ್ಲ, ನಾವು. ಮುಖ ಅವನದ್ದು, ಮೂಳೆ ನಮ್ದು. ಹೋದ ಚಳಿಗಾಲದಲ್ಲಿ ನನ್ನ ಮಂಡಿ ಒಳಗಿನ ಲಿಗಮೆಂಟ್ ಪಟ್ ಅಂತ ಕಿತ್ಕೊಂಡು ಹೋಯ್ತು. ಆಸ್ಪತ್ರೆಲಿ ಕಣ್ಣು ಬಿಟ್ರೆ ಪಕ್ಕದ ಮಂಚದಲ್ಲಿ ತೇಗ್ಯು. ಅವನದ್ದೂ ಎಡಗಾಲು, ಅದೇ ಲಿಗಮೆಂಟ್. ಕಾಯಿಲೆ ಬರೋದ್ರಲ್ಲೂ ಆ ನನ್ಮಗ ನನಗಿಂತ ಒಂದು ವಾರ ಮುಂಚೆ.

ಅವನು ಡಿಸೆಂಬರ್ ಕೊನೇಲಿ ಹುಟ್ಟಿದ್ದು, ನಾನು ಮುಂದಿನ ಜನವರಿ ಶುರುಲಿ. ನಡುವೆ ಹೊಸ ವರ್ಷ ಒಂದು ಬಂದ್ಬಿಡ್ತು ನೋಡಿ. ಸರ್ಕಾರ ಈಗ ವಯಸ್ಸಿನ ಲೆಕ್ಕ ಬದಲಾಯಿಸಿರ್ಬೋದು, ಫೈಟರ್‌ಗಳ ಅಡ್ಡಾದಲ್ಲಿ ಹುಟ್ಟಿದ ವರ್ಷ ಮಾತ್ರ ನೋಡೋ ಹಳೇ ಲೆಕ್ಕಾನೇ. ಅವನು ಒಂದು ವರ್ಷ ದೊಡ್ಡೋನು. ಅವನನ್ನ ನಾನು ಅಣ್ಣ ಅನ್ಬೇಕು, ಊಟಕ್ಕೆ ಕೂತಾಗ ಅವನ ಚಮಚ ನಾನೇ ಇಡ್ಬೇಕು, ಅವನ ಮುಂದೆ ಹೆಂಡ ಕುಡಿಯೋವಾಗ ಮರ್ಯಾದೆಗೆ ಮುಖ ಆ ಕಡೆ ತಿರುಗಿಸ್ಬೇಕು. ನಮ್ಮಮ್ಮ ಇನ್ನೊಂದು ವಾರ ಮುಂಚೆ ಹೆತ್ತಿದ್ರೆ ಈ ರಾಮಾಯಣಾನೇ ಇರ್ತಿರ್ಲಿಲ್ಲ.

ಆ ಅಮ್ಮಾನೂ ಅಷ್ಟೇ. ಆಸ್ಪತ್ರೆಗೆ ಬಂದು ನನ್ನ ಹಣೆ ಮುಟ್ಟೋಕೆ ಮುಂಚೆ ಅವನ ಬಟ್ಟಲಿಗೆ ಗಂಜಿ ಹಾಕಿಟ್ರು. "ತೇಗ್ಯುನ ನೋಡು ದೂಸಿಕ್, ಒಂದ್ಸಲಾನೂ ನೋವು ಅಂದಿಲ್ಲ."

"ಅಮ್ಮ, ಅವನಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ, ನಿದ್ದೆ ಮಾಡ್ತಿದಾನೆ."

"ನಿದ್ದೆ ಕೂಡ ಎಷ್ಟು ಚೆನ್ನಾಗಿ ಮಾಡ್ತಾನೆ."

ಆ ಆಸ್ಪತ್ರೆಲಿ ಒಂದು ಸಂಶೋಧನೆ ನಡೀತಿತ್ತು. ಲಿಗಮೆಂಟ್ ಕಿತ್ಕೊಂಡೋರಿಗೆಲ್ಲ ಅವ್ರದ್ದೇ ತೊಡೆಯಿಂದ ಸ್ನಾಯುವಿನ ಎಳೆ ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸ್ತಾರೆ. ಅರ್ಧ ಜನಕ್ಕೆ ಅಷ್ಟೇ. ಉಳಿದರ್ಧ ಜನಕ್ಕೆ ಅದರ ಜೊತೆ ಒಂದು ಗಟ್ಟಿ ಟೇಪನ್ನೂ ಹೊಲೀತಾರೆ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ. ಗಾಯದ ಗುರುತು ಇಬ್ರಿಗೂ ಒಂದೇ ಥರ. ನಮಗೂ ಹೇಳಲ್ಲ, ನಮ್ಮನ್ನ ಪರೀಕ್ಷೆ ಮಾಡೋ ಡಾಕ್ಟರ್ ಗಿಲ್ ಮೇಡಂಗೂ ಹೇಳಲ್ಲ. ಸಂಶೋಧನೆ ಮುಗಿಯೋವರ್ಗೂ ಗುಟ್ಟು. ಕ್ಲೈಮ್ಯಾಕ್ಸ್ ರೀಲೇ ಇಲ್ದೆ ಸಿನಿಮಾ ರಿಲೀಸ್ ಮಾಡ್ದಂಗೆ.

ಆದ್ರೆ ನನಗೆ ಗೊತ್ತಿತ್ತು. ಟೇಪು ಬಿದ್ದಿರೋದು ತೇಗ್ಯುಗೇ. ನಾನು ಊರುಗೋಲಲ್ಲಿ ಕುಂಟ್ತಾ ಇರೋವಾಗ ಅವನು ಮೆಟ್ಟಿಲು ಹತ್ತಿದ. ನಾನು ಮೆಟ್ಟಿಲು ಹತ್ತೋ ಹೊತ್ತಿಗೆ ಅವನು ಯೋಂಗ್ದೊ ಸೇತುವೆ ಮೇಲೆ ಓಡ್ತಿದ್ದ. ಓಡ್ತಾ ನನ್ ಕಡೆ ಕೈ ಬೇರೆ ಬೀಸ್ದ, ಸ್ಲೋ ಮೋಷನ್‌ನಲ್ಲಿ, ಹಿಂದೆ ಕಡಲಕಾಗೆಗಳು ಬೇರೆ. ಆ ಕಾಗೆಗಳಿಗೆ ದುಡ್ಡು ಕೊಟ್ಟು ಕರ್ಸಿದ್ನೇನೋ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಫೈಟ್ ಮಾಸ್ಟರ್ ಚೋನ್ ಒಂದು ದೊಡ್ಡ ಸಿನಿಮಾ ಹಿಡಿದಿದ್ರು. ಬಂದರಲ್ಲಿ ಕಂಟೇನರ್ ಮೇಲಿಂದ ಕಂಟೇನರ್ ಮೇಲಕ್ಕೆ ಹೀರೋ ಹಾರೋ ಸೀನು. ಒಬ್ಬ ಡೂಪ್ ಬೇಕು, ಒಬ್ಬನೇ. ನಮ್ಮಿಬ್ರನ್ನೂ ಕೂರಿಸ್ಕೊಂಡು ಮಾಸ್ಟರ್ ಅಂದ್ರು, "ಹೀರೋ ಬೆನ್ನು ನಿಮ್ಮಿಬ್ರ ಬೆನ್ನಿನ ಥರಾನೇ ಇದೆ. ಆಸ್ಪತ್ರೆ ಪರೀಕ್ಷೆಲಿ ತೊಂಬತ್ತು ದಾಟಿ ಬನ್ನಿ. ಯಾರದ್ದು ಜಾಸ್ತಿನೋ ಅವನು ಹಾರ್ತಾನೆ."

ಆ ಸೀನ್ ಸಿಕ್ಕಿದ್ರೆ ನಾನು ಮತ್ತೆ ಫೈಟರ್. ಸಿಗ್ಲಿಲ್ಲ ಅಂದ್ರೆ ಶೂಟಿಂಗ್‌ನಲ್ಲಿ ಹಾಸಿಗೆ ಹೊರೋನು. ತೇಗ್ಯು ಬೀಳೋಕೆ ನಾನು ಹಾಸಿಗೆ ಹಾಸೋದು. ಅದನ್ನ ನೆನೆಸ್ಕೊಂಡ್ರೇ ಎದೇಲಿ ಅಸಿಡಿಟಿ.

ಪರೀಕ್ಷೆ ಅಂದ್ರೆ ಕುಂಟೆಬಿಲ್ಲೆ. ಒಂಟಿ ಕಾಲಲ್ಲಿ ಎಷ್ಟು ದೂರ ಆಗುತ್ತೋ ಅಷ್ಟು ದೂರ ಹಾರ್ಬೇಕು, ಅದೇ ಕಾಲ ಮೇಲೆ ಬಿದ್ದು ಅಲ್ಲಾಡ್ದೆ ನಿಲ್ಬೇಕು. ಮೊದ್ಲು ಒಳ್ಳೇ ಕಾಲು, ಆಮೇಲೆ ಆಪರೇಷನ್ ಕಾಲು. ಒಳ್ಳೇ ಕಾಲಿನ ದೂರ ನೂರು ಅಂತ ಇಟ್ಕೊಂಡ್ರೆ ಕೆಟ್ಟ ಕಾಲು ಅದರಲ್ಲಿ ಎಷ್ಟು ಹಾರ್ತು, ಅದೇ ಪರ್ಸೆಂಟು.

ಆವತ್ತು ಬೆಳಿಗ್ಗೆ ಮೊದಲ ಸರದಿ ತೇಗ್ಯುದು. ಒಳಗಿಂದ ಬಂದೋನು ಕತ್ತಿಗೆ ಟವೆಲ್ ಹಾಕ್ಕೊಂಡು, ಗೋಡೆಗೆ ಒರಗಿ ನಿಂತು, ನಾನು ಕೇಳ್ಲಿ ಅಂತ ಕಾದ. ನಾನು ಕೇಳ್ಲಿಲ್ಲ. ಅವನೇ ಹೇಳ್ದ.

"ತೊಂಬತ್ತಾರು."

"ಜ್ವರಾನಾ?"

"ಉರ್ಕೋಬೇಡ ತಮ್ಮ. ಸೂರ್ಯ ಹುಟ್ಟಿದ ಮೇಲೆ ಟಾರ್ಚ್ ಯಾರೂ ಹುಡುಕಲ್ಲ."

"ಈ ಡೈಲಾಗ್ ಎಷ್ಟು ದಿನದಿಂದ ಬಾಯಿಪಾಠ ಮಾಡ್ತಿದ್ದೆ ಅಣ್ಣ?"

"ನಿನ್ನೆಯಿಂದ. ಕೆಳಗೆ ಹಂದಿ ಸಾರಿನ ಅಂಗಡಿಲಿ ಇರ್ತೀನಿ. ಸೋತ್ಮೇಲೆ ಬಾ, ಅಣ್ಣ ಊಟ ಕೊಡಿಸ್ತಾನೆ."

ಅವನು ಹೋದ. ಕುಂಟದೇ ಹೋದ, ಅದು ಇನ್ನೂ ಉರಿ.

ಒಳಗೆ ಡಾಕ್ಟರ್ ಗಿಲ್ ಗಾಯ ಕಾಣದ ಹಾಗೆ ನನ್ನ ಎರಡು ಮಂಡಿಗೂ ಕಪ್ಪು ಕವಚ ಹಾಕ್ಸಿದ್ರು. ನೆಲದ ಮೇಲೆ ಅಳತೆ ಪಟ್ಟಿ. "ಬಲಗಾಲು ಮೊದ್ಲು. ಪೂರ್ತಿ ಜೋರಲ್ಲಿ," ಅಂದ್ರು.

ಆಗ ನನ್ನ ತಲೆಲಿ ಬಲ್ಬ್ ಹತ್ಕೊಳ್ತು. ನೂರಕ್ಕೆ ಎಷ್ಟು ಅಂತ ತಾನೇ ಲೆಕ್ಕ? ಹಾಗಾದ್ರೆ ಕೆಟ್ಟ ಕಾಲು ಜಾಸ್ತಿ ಹಾರ್ಬೇಕು ಅಂತ ಯಾರು ಹೇಳಿದ್ದು? ಒಳ್ಳೇ ಕಾಲು ಕಮ್ಮಿ ಹಾರಿದ್ರೂ ಆಯ್ತಲ್ಲ.

ಮುಖದಲ್ಲಿ ಪ್ರಾಣ ಹೋಗೋ ಥರ ಎಕ್ಸ್‌ಪ್ರೆಶನ್ ಕೊಟ್ಟೆ, ಹಲ್ಲು ಕಚ್ಚಿದೆ, ಚರಂಡಿ ದಾಟೋ ಅಷ್ಟು ಹಾರಿದೆ. ಕಂಬದ ಥರ ನಿಂತೆ. ಇನ್ನೆರಡು ಸಲಾನೂ ಹಂಗೇ.

"ಎಡಗಾಲು," ಅಂದ್ರು ಡಾಕ್ಟರ್.

ಇದರಲ್ಲಿ ನಾಟಕ ಇಲ್ಲ. ಉಸಿರು ಹಿಡಿದು, ತೇಗ್ಯುನ ಟವೆಲ್ ಕಣ್ಮುಂದೆ ತಂದ್ಕೊಂಡು ಹಾರಿದೆ. ನೆಲ ಮುಟ್ತಿದ್ದ ಹಾಗೆ ಮೈ ತಾನೇ ಭುಜ ಮಡಚಿ ಒಂದು ಪಲ್ಟಿ ಹೊಡೆದು, ಡಾಕ್ಟರ್ ಕುರ್ಚಿ ಕೆಳಗೆ ಹೋಗಿ ನಿಂತ್ಕೊಳ್ತು.

"ಏನ್ರೀ ಇದು?"

"ಅಭ್ಯಾಸ ಮೇಡಂ. ನಮಗೆ ಮೊದಲನೇ ದಿನದಿಂದ ಕಲಿಸಿರೋದೇ ಇದು. ಜೋರಾಗಿ ಬಿದ್ರೆ ನಿಲ್ಬೇಡ, ಉರುಳು ಅಂತ. ನಿಂತ್ರೆ ಮೂಳೆ ಮುರಿಯುತ್ತೆ."

"ಇಲ್ಲಿ ಉರುಳೋ ಹಾಗಿಲ್ಲ. ಮತ್ತೆ ಹಾರಿ."

ಮತ್ತೆ ಹಾರಿದೆ. ಮತ್ತೆ ಉರುಳಿದೆ. ಈ ಸಲ ತೂಕದ ಯಂತ್ರಕ್ಕೆ ಗುದ್ದಿದೆ.

"ಮೇಡಂ, ನೀವು ಕಟ್ ಅಂತ ಹೇಳಿ. ಕಟ್ ಕೇಳೋವರ್ಗೂ ಫೈಟರ್ ಸತ್ರೂ ಅಲ್ಲಾಡಲ್ಲ."

ಅವರು ನಗ್ಲಿಲ್ಲ. ನಾನು ಹಾರಿದೆ, ನಿಂತೆ, ಅವರು "ಕಟ್" ಅಂದ್ರು. ಅಳತೆ ಬರ್ಕೊಂಡು ಕಂಪ್ಯೂಟರ್‌ಗೆ ಹಾಕಿದ್ರು. ಸ್ಕ್ರೀನ್ ನೋಡಿದ್ರು. ನನ್ನ ನೋಡಿದ್ರು.

"ನೂರಾ ಎಂಟು."

ತೊಂಬತ್ತೇಳು ಸಾಕಿತ್ತು. ಆದ್ರೆ ಹೊಟ್ಟೆಕಿಚ್ಚಿಗೆ ಲೆಕ್ಕ ಬರಲ್ಲ.

"ಅಭಿನಂದನೆ," ಅಂದ್ರು ಡಾಕ್ಟರ್. "ದೇವರು ಕೊಟ್ಟ ಕಾಲಿಗಿಂತ ನಾವು ಹೊಲಿದ ಕಾಲೇ ವಾಸಿ ಅಂತಾಯ್ತು. ಬಲಗಾಲೂ ಆಪರೇಷನ್ ಮಾಡ್ಬಿಡೋಣ್ವಾ?"

"ಮೇಡಂ, ಎಲ್ಲ ನಿಮ್ಮ ಆಶೀರ್ವಾದ."

"ಒಂದು ಕೇಳ್ತೀನಿ. ಎಡಗಾಲಲ್ಲಿ ಹಾರ್ದಾಗ ಎರಡು ಸಲ ಉರುಳಿದ್ರಿ. ಬಲಗಾಲಲ್ಲಿ ಮೂರೂ ಸಲ ಕಂಬದ ಥರ ನಿಂತ್ರಿ. ಆಗ ನಾನು ಕಟ್ ಕೂಡ ಹೇಳಿರ್ಲಿಲ್ಲ."

ನಾನು ಬಗ್ಗಿ ಮಂಡಿ ಕವಚ ಸರಿ ಮಾಡ್ಕೊಂಡೆ.

"ಜೋರಾಗಿ ಬಿದ್ರೆ ಉರುಳೋದು ಅಭ್ಯಾಸ ಅಂದ್ರಿ," ಅಂದ್ರು. "ಬಲಗಾಲಲ್ಲಿ ಜೋರೇ ಇರ್ಲಿಲ್ಲ, ಅಲ್ವಾ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ನನ್ನ ಮನಸ್ಸು ಆರಾಮಾಗೇ ಇತ್ತು. ಮೈಯೇ ಹೋಗಿ ಸಾಕ್ಷಿ ಹೇಳ್ಬಿಡ್ತು.

"ಇದು ನಿಮ್ಮ ಮಾಸ್ಟರ್ ಮುಂದೆ ನಡೆಯೋ ಆಡಿಷನ್ ಅಲ್ಲ ದೂಸಿಕ್," ಅಂದ್ರು ಅವರು. ದನಿ ಏರಿಸ್ಲಿಲ್ಲ, ಅದಕ್ಕೇ ಜಾಸ್ತಿ ಚುಚ್ತು. "ನೂರಾರು ಮಂಡಿ ಅಳೀತಿದ್ದೀವಿ. ನಾಳೆ ಯಾರದೋ ಮಂಡಿ ಕೊಯ್ಯೋವಾಗ ಟೇಪ್ ಹಾಕೋದೋ ಬೇಡ್ವೋ ಅಂತ ಈ ನಂಬರ್ ನೋಡಿ ತೀರ್ಮಾನ ಮಾಡ್ತಾರೆ. ಬಲಗಾಲು. ಮೊದಲಿಂದ."

ಹಾರಿದೆ. ನಿಜವಾಗಿ. ಉರುಳಿ ಬಾಗಿಲವರ್ಗೂ ಹೋದೆ. ಆಮೇಲೆ ಮತ್ತೆ ಹಾರಿ, ಅವರು ಕಟ್ ಹೇಳೋವರ್ಗೂ ನಿಂತೆ. ಬೇಕು ಅಂತಾನೇ ತಡವಾಗಿ ಹೇಳಿದ್ರು, ಕಾಲು ನಡುಗೋವರ್ಗೂ.

"ಎಂಬತ್ಮೂರು."

ಮುಗೀತು. ಕಂಟೇನರೂ ಇಲ್ಲ, ಹೀರೋ ಬೆನ್ನೂ ಇಲ್ಲ. ತೇಗ್ಯು ಹಾರ್ತಾನೆ, ನಾನು ಕೆಳಗೆ ಹಾಸಿಗೆ ಸರಿ ಮಾಡ್ತಾ ತಲೆ ಎತ್ತಿ ನೋಡ್ತೀನಿ. ಶೂಸ್ ಹಾಕ್ಕೊಳ್ಳೋಕೆ ಬಗ್ಗಿದಾಗ ಡಾಕ್ಟರ್ ಪೆನ್ನಲ್ಲಿ ಮೇಜು ಕುಟ್ಟುತಾ ಅಂದ್ರು, "ಬೆಳಿಗ್ಗೆ ಬಂದಿದ್ರಲ್ಲ, ನಿಮ್ಮಣ್ಣ. ಅವರೂ ಎಡಗಾಲಲ್ಲಿ ಉರುಳಿದ್ರು."

"ಬಲಗಾಲಲ್ಲಿ?"

ಅವರು ಫೋನ್ ಎತ್ಕೊಂಡ್ರು.

ಪ್ರಮಾಣ ಮಾಡಿ ಹೇಳ್ತೀನಿ, ನಾನು ಚಾಡಿ ಹೇಳ್ಲಿಲ್ಲ. ಆದ್ರೆ ಕಾರಿಡಾರ್‌ನಲ್ಲಿ ತೇಗ್ಯು ಬಾಯಿ ಒರೆಸ್ಕೊಂಡು ಮೆಟ್ಟಿಲು ಹತ್ತಿ ಬರೋದು ನೋಡಿದಾಗ ನನ್ನ ತಲೆಲಿ ಹಾಡು, ಡ್ಯಾನ್ಸು, ಹಿಂದೆ ಐವತ್ತು ಜನ. ಅವನು ಒಳಗೆ ಹೋದ. ಬಾಗಿಲಾಚೆ ಧಡ್ ಅಂತ ಸದ್ದು. ತೂಕದ ಯಂತ್ರ, ಪಾಪ. ಆಮೇಲೆ "ಕಟ್" ಅಂತ ಡಾಕ್ಟರ್ ದನಿ.

ಹೊರಗೆ ಬಂದಾಗ ಟವೆಲ್ ಕತ್ತಲ್ಲಿ ಇರ್ಲಿಲ್ಲ, ಕೈಲಿತ್ತು. ನಾನು ಗೋಡೆಗೆ ಒರಗಿ ನಿಂತು ಕಾದೆ. ಅವನು ಹೇಳ್ಲಿಲ್ಲ. ನಾನೇ ಕೇಳಿದೆ.

"ಎಷ್ಟು ಅಣ್ಣ?"

"ಊಟಕ್ಕೆ ನಡಿ."

ಅಂಗಡಿಲಿ ಅವನ ಅರ್ಧ ಕುಡಿದ ಸಾರು ಆರಿ ತಣ್ಣಗಾಗಿತ್ತು. ಅಜ್ಜಿ ಇಬ್ರಿಗೂ ಹೊಸದಾಗಿ ಎರಡು ಬಟ್ಟಲು ತಂದಿಟ್ರು. ನಾನು ಅಭ್ಯಾಸಬಲದಿಂದ ಅವನ ಚಮಚ ತೆಗೆದು ಟಿಶ್ಯೂ ಮೇಲಿಟ್ಟೆ. ತೇಗ್ಯು ಮಾಸ್ಟರ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಇಬ್ರೂ ತೊಂಬತ್ತು ದಾಟಿಲ್ಲ ಅಂತ ಹೇಳ್ದ. ಮಾಸ್ಟರ್, "ಸರಿ, ಎರಡು ಕಾಲೂ ಸ್ವಂತದ್ದಿರೋನನ್ನ ಹುಡುಕ್ತೀನಿ," ಅಂತ ಇಟ್ಬಿಟ್ರು.

"ಅಣ್ಣ, ಆ ಮಂಡಿಲಿ ನೀನು ಹಾರ್ತಿದ್ಯಾ?" ಅಂದೆ.

"ಹಾರ್ತಿದ್ದೆ."

"ಮುರಿದಿದ್ರೆ?"

"ನೀನು ಹಾರೋದನ್ನ ಕೆಳಗೆ ನಿಂತು ನೋಡೋದಕ್ಕಿಂತ ಅದೇ ವಾಸಿ." ಸಾರಿಗೆ ಉಪ್ಪು ಸೀಗಡಿ ಹಾಕಿ ಕಲಸ್ತಾ ಅಂದ, "ಸಂಜೆ ಆದ್ರೆ ಬಾತ್ಕೊಳ್ಳುತ್ತೆ ಕಣೋ. ಆ ಸೇತುವೆ ಮೇಲೆ ನಿನ್ ಕಂಡಾಗ ಓಡಿದ್ದು ಅಷ್ಟೇ. ನೀನು ಮರೆಯಾದ್ಮೇಲೆ ಟ್ಯಾಕ್ಸಿ ಹಿಡಿದೆ."

"ಟೇಪ್ ಹಾಕಿದ್ರೂ ಬಾತ್ಕೊಳ್ಳುತ್ತಾ?"

"ಟೇಪ್ ನನಗೆಲ್ಲಿ ಹಾಕಿದ್ರು? ಅದು ನಿನಗೆ ಬಿದ್ದಿರೋದು. ನಿನ್ನ ಲಕ್ ನನಗೆ ಗೊತ್ತಿಲ್ವಾ? ನಿಮ್ಮಮ್ಮ ಬೇರೆ ದಿನಾ ಗಂಜಿ ತಂದ್ಕೊಡ್ತಿದ್ರು. ನನ್ನ ನೋಡೋಕೆ ಯಾರು ಬಂದ್ರು ಹೇಳು."

ಅದು ನಿಜ. ಅವನ ಮಂಚದ ಹತ್ರ ಯಾರೂ ಬರ್ತಿರ್ಲಿಲ್ಲ. ನಾನು ಗಂಜಿ ನೋಡಿ ಉರ್ಕೊಂಡಿದ್ದೆ, ಖಾಲಿ ಕುರ್ಚಿ ನೋಡಿರ್ಲಿಲ್ಲ. ಏನೋ ಹೇಳ್ಬೇಕು ಅನ್ನಿಸ್ತು. ಸೆಂಟಿಮೆಂಟ್ ಸೀನು ನನಗೆ ಬರಲ್ಲ. ಮೂಲಂಗಿ ಕಿಮ್ಚಿ ತಟ್ಟೆ ಅವನ ಕಡೆ ತಳ್ಳಿದೆ.

"ಭಾನುವಾರ ಮನೆಗೆ ಬಾ. ಅಮ್ಮ ನಿನ್ನೇ ಕೇಳ್ತಿರ್ತಾರೆ. ನನ್ನ ಕೇಳಲ್ಲ."

"ಬರ್ತೀನಿ." ಅವನು ತಿಂದ. ಆಮೇಲೆ ತಲೆ ಎತ್ತದೇ ಅಂದ, "ಎಂಬತ್ನಾಲ್ಕು."

"ಏನು?"

"ಕೇಳಿದ್ಯಲ್ಲ, ಎಷ್ಟು ಅಂತ. ಎಂಬತ್ನಾಲ್ಕು. ನಿಂದು?"

ನಾನು ಸಾರು ಕುಡಿದೆ, ಮುಖ ಆ ಕಡೆ ತಿರುಗಿಸ್ಕೊಂಡು.

"ಸಾರು ಕುಡಿಯೋಕೆ ಯಾಕೋ ತಿರುಗ್ತೀಯ? ನಿಂದು ಎಷ್ಟು?"

"ಎಂಬತ್ಮೂರು."

ಅವನು ನಗ್ಲಿಲ್ಲ. ನಕ್ಕಿದ್ರೆ ಪರವಾಗಿರ್ಲಿಲ್ಲ. ದೊಡ್ಡ ಮನುಷ್ಯನ ಥರ ತಲೆ ಆಡಿಸಿ, "ಇರ್ಲಿ ಬಿಡು ತಮ್ಮ. ಮುಂದಿನ ಪರೀಕ್ಷೆ ಇದೆಯಲ್ಲ," ಅಂದ.

ಟೇಪ್ ಅವನಿಗೇ ಹಾಕಿದ್ದಾರೆ. ಇಲ್ದಿದ್ರೆ ಆ ಒಂದು ಪರ್ಸೆಂಟ್ ಎಲ್ಲಿಂದ ಬಂತು? ಬಗ್ಗಿ ಅವನ ಬಟ್ಟಲು ನೋಡಿದೆ. ಆ ಅಜ್ಜಿ ಅವನಿಗೆ ಮಾಂಸಾನೂ ಒಂದು ತುಂಡು ಜಾಸ್ತಿ ಹಾಕಿದ್ರು.