ನಾಲ್ಕು ಸ್ಪೇಸ್

ಕಾಲಡಿಯ ಪೆಡಲನ್ನು ಅವಳು ಐದನೇ ಸಲ ಒತ್ತಿ ದನಿಯನ್ನು ಹಿಂದಕ್ಕೆ ಓಡಿಸಿದಳು. ಹೆಡ್‌ಫೋನಿನಲ್ಲಿ ಡಾಕ್ಟರು ಐದನೇ ಸಲವೂ ಅದನ್ನೇ ಹೇಳಿದರು.

"ರೋಗಿ ಎರಡು ಹತ್ತಕ್ಕೆ ಆಸ್ಪತ್ರೆಗೆ ಬಂದರು. ಹೆಂಡತಿ ಜೊತೆಗಿದ್ದರು. ಮೂರು ಐವತ್ತಕ್ಕೆ ಡಾಕ್ಟರು ನೋಡಿದರು..." ಇಲ್ಲಿ ಕಟಕ್ಕನೆ ಬಿಸ್ಕತ್ತು ಮುರಿದ ಸದ್ದು. "ಅಲ್ಲ, ಅದು ಬೇಡ. ಟೈಮೆಲ್ಲ ತೆಗೀರಿ. ಮನೆಯವರು ರೋಗಿಯನ್ನು ತಡವಾಗಿ ಕರೆತಂದರು ಅಂತ ಹಾಕಿ. ಮುಂದಿನ ವಾಕ್ಯ."

ಮುಂದಿನ ವಾಕ್ಯದಲ್ಲಿ ರೋಗಿ ಸತ್ತಿದ್ದ.

ನಿನ್ನೆ ಅವಳು ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿದ್ದಳು, 'ಅಲ್ಲ, ಅದು ಬೇಡ' ಎಂಬುದನ್ನೂ ಬಿಡದೆ. ಇವತ್ತು ಫೈಲು ಕೆಂಪಾಗಿ ವಾಪಸು ಬಂದಿತ್ತು. ಪಕ್ಕದಲ್ಲಿ ತಪ್ಪು ತಿದ್ದುವವಳ ಷರಾ: ಅಕೌಂಟ್ ಪ್ರಿಫರೆನ್ಸ್ ತಪ್ಪು. ಮೂರನೆಯದು.

ಈ ಕಚೇರಿಯಲ್ಲಿ ಅಕೌಂಟ್ ಎಂದರೆ ಆಸ್ಪತ್ರೆ. ಎಲ್ಲೆಲ್ಲೋ ಇರುವ ಹನ್ನೊಂದು ಆಸ್ಪತ್ರೆಗಳ ಡಾಕ್ಟರುಗಳು ರೋಗಿಗಳ ವಿವರವನ್ನು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಇಲ್ಲಿ ಮೂವತ್ತು ಜನ ಕೂತು ಅದನ್ನು ಅಕ್ಷರಕ್ಕಿಳಿಸುತ್ತಾರೆ. ಎಲ್ಲರ ಬಾಯಲ್ಲೂ ಅದೇ ಎದೆನೋವು, ಅದೇ ಜ್ವರ. ಆದರೆ ಒಂದೊಂದು ಅಕೌಂಟಿಗೂ ಒಂದೊಂದು ಹಟ. ಎರಡನೆಯದಕ್ಕೆ ಹತ್ತರೊಳಗಿನ ಸಂಖ್ಯೆಗಳು ಅಕ್ಷರದಲ್ಲಿ ಬೇಕು, ಐದನೆಯದಕ್ಕೆ ಅಂಕಿಯಲ್ಲಿ. ಒಂಬತ್ತನೆಯದರಲ್ಲಿ 'ರೋಗಿ' ಎನ್ನಕೂಡದು, 'ಈ ಮಹನೀಯರು' ಎನ್ನಬೇಕು. ಅಲ್ಲಿ ಕುಡಿದು ಚರಂಡಿಗೆ ಬಿದ್ದು ಕಾಲು ಮುರಿದುಕೊಂಡವನೂ ಮಹನೀಯನೇ. ಈ ಹಟಗಳನ್ನೆಲ್ಲ ಅಚ್ಚು ಮಾಡಿ, ಪ್ಲಾಸ್ಟಿಕ್ ಹೊದಿಸಿ, ಪ್ರತಿಯೊಬ್ಬರ ಮೇಜಿನ ಮುಂದೆ ಅಂಟಿಸಿದ್ದರು.

ಅವಳು ನಾಲ್ಕು ವರ್ಷ ಮೂರನೇ ಅಕೌಂಟಿನಲ್ಲಿದ್ದವಳು. ಆ ಆಸ್ಪತ್ರೆಗೆ ಕೋರ್ಟಿನ ಭಯ. ಕೆಮ್ಮೊಂದನ್ನು ಬಿಟ್ಟು ಡಾಕ್ಟರು ಉಸುರಿದ್ದೆಲ್ಲ ಕಾಗದದ ಮೇಲಿರಬೇಕು. ತೊದಲಿದರೆ ತೊದಲು, ಮಾತು ಬದಲಿಸಿದರೆ ಬದಲಿಸಿದ ಮಾತೂ. ಮೂರು ವಾರದ ಹಿಂದೆ ಅವಳನ್ನು ಏಳನೆಯದಕ್ಕೆ ಹಾಕಿದರು. ಏಳು ಒಪ್ಪ ಓರಣದ ಅಕೌಂಟು. ಡಾಕ್ಟರು ತೆಗೆಯಿರಿ ಎಂದದ್ದನ್ನು ತೆಗೆಯಬೇಕು. ಪ್ರತಿ ಪೂರ್ಣವಿರಾಮದ ನಂತರ ಎರಡು ಸ್ಪೇಸ್ ಬಿಡಬೇಕು. ಸತ್ತವರು 'ಎಕ್ಸ್‌ಪೈರ್ಡ್' ಆಗಬೇಕು.

ಮೊದಲ ಕೆಂಪು ಬಿದ್ದದ್ದು 'ಡೈಡ್' ಎಂದು ಬರೆದದ್ದಕ್ಕೆ. "ಎಕ್ಸ್‌ಪೈರ್ ಆಗೋದು ಬ್ರೆಡ್ಡು ಕಣ್ರೇ. ಮನುಷ್ಯರು ಸಾಯ್ತಾರೆ" ಎಂದಿದ್ದಳು. ಬೇರೆ ಯಾರು ಅಂದಿದ್ದರೂ ಸಾಲಿಗೆ ಸಾಲೇ ನಗುತ್ತಿತ್ತು. ಅವಳ ಗಂಡ ಹೋಗಿ ಎಂಟು ತಿಂಗಳೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಎಲ್ಲರೂ ಕೀಬೋರ್ಡು ನೋಡಿಕೊಂಡರು. ಎರಡನೇ ಕೆಂಪು, ಇಡೀ ಫೈಲಿನಲ್ಲಿ ಎರಡು ಸ್ಪೇಸಿನ ಬದಲು ಒಂದೇ ಬಿಟ್ಟದ್ದಕ್ಕೆ. ಮೂರು ಕೆಂಪಾದರೆ ಅಕೌಂಟಿನಿಂದ ಇಳಿಸುತ್ತಾರೆ. ಬೇರೆ ಅಕೌಂಟಿನಲ್ಲಿ ಕುರ್ಚಿ ಖಾಲಿ ಇಲ್ಲದಿದ್ದರೆ, ಮನೆ.

ಅವಳು ಹೆಡ್‌ಫೋನ್ ಕಳಚಿಟ್ಟು ಟೀಮ್ ಲೀಡರ ಗಾಜಿನ ಕೋಣೆಗೆ ಹೋದಳು. ಯಾರು ಏನು ತಂದರೂ "ಸಮಾಧಾನ, ಸಮಾಧಾನ" ಎಂದೇ ಶುರು ಮಾಡುತ್ತಿದ್ದುದರಿಂದ ಅವನಿಗೆ ಬೆನ್ನ ಹಿಂದೆ ಸಮಾಧಾನ ಸಾರ್ ಎಂದೇ ಹೆಸರು.

"ಸಮಾಧಾನ, ಮೇಡಂ. ನಾಳೆ ಹನ್ನೆರಡರೊಳಗೆ ಆ ಫೈಲು ಹೋಗ್ಬೇಕು. ಅಷ್ಟರಲ್ಲಿ ಸರಿ ಮಾಡಿಕೊಟ್ಟುಬಿಡಿ, ಈ ಕೆಂಪನ್ನ ನಾನು ಹಿಡಿಯಲ್ಲ."

"ಏನು ಸರಿ ಮಾಡ್ಲಿ ಸಾರ್?"

"ಅವರು ತೆಗೀರಿ ಅಂದಿದ್ದನ್ನ ತೆಗೀರಿ. ಹಾಕಿ ಅಂದಿದ್ದನ್ನ ಹಾಕಿ. ಸ್ಟೈಲು ಅಷ್ಟೇ."

"ಇದು ಸ್ಟೈಲಾ? ನೋವಲ್ಲಿರೋ ಮನುಷ್ಯನನ್ನ ಒಂದು ಗಂಟೆ ನಲವತ್ತು ನಿಮಿಷ ಕೂರಿಸ್ಕೊಂಡು, ಮನೆಯವರೇ ತಡ ಮಾಡಿದ್ರು ಅಂತ ಬರೆಸೋದು ಸ್ಟೈಲಾ?"

"ಮನೆಯಿಂದಲೇ ತಡವಾಗಿ ಹೊರಟಿರಬಹುದಪ್ಪ. ನಾವೇನು ಅಲ್ಲಿದ್ವಾ?"

"ಇದೇ ಮಾತನ್ನ ಮೂರನೇ ಅಕೌಂಟಲ್ಲಿ ಬಿಟ್ಟಿದ್ರೆ, ಬಿಟ್ಟಿದ್ದಕ್ಕೆ ಕೆಂಪು ಹಾಕ್ತಿದ್ರಿ."

"ಅದು ಮೂರು. ಇದು ಏಳು."

"ಹಾಗಾದ್ರೆ ಸತ್ಯ ಮೂರರಲ್ಲಿ ಒಂದು, ಏಳರಲ್ಲಿ ಇನ್ನೊಂದು."

ಅವನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ಸತ್ಯ ನಮ್ಮ ಡಿಪಾರ್ಟ್‌ಮೆಂಟಲ್ಲ, ಮೇಡಂ. ಅವರು ಬಾಯಿ, ನಾವು ಕೈ."

"ನಡುವೆ ಕಿವಿ ಅನ್ನೋದೊಂದಿದೆ ಸಾರ್."

"ನಾಳೆ ಹನ್ನೆರಡು" ಎಂದ ಅವನು.

ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಕಿಟಕಿ. ಅವಳು ಮೆಟ್ಟಿಲು ಹತ್ತಿ ಬರುವಾಗ ಅತ್ತೆ ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿದ್ದರು. ಬಾಗಿಲ ಸದ್ದಿಗೆ ತಲೆಯೆತ್ತಲಿಲ್ಲ.

"ತಡವಾಯ್ತು" ಎಂದರು.

ಆಗಿರಲಿಲ್ಲ. ದಿನವೂ ಬರುವ ಹೊತ್ತೇ ಅದು. ಆದರೆ ಈ ಮನೆಯಲ್ಲಿ ಎಂಟು ತಿಂಗಳಿಂದ ಎಲ್ಲವೂ ತಡವೇ. ಹಾಲು ಕಾಯಿಸುವುದು ತಡ, ದೀಪ ಹಾಕುವುದು ತಡ, ಕೊಡೆ ಬಿಚ್ಚುವುದು ತಡ. ಅತ್ತೆ ಬೇರೇನನ್ನೂ ಹೇಳುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಅನ್ನಬಹುದಿತ್ತು. ಆ ಒಂದು ಪದವನ್ನು ಅನ್ನದಲ್ಲಿ ಕಲ್ಲಿಟ್ಟ ಹಾಗೆ ದಿನಕ್ಕೊಂದು ಕಡೆ ಇಡುತ್ತಿದ್ದರು.

ಪದ ಬಂದದ್ದು ಕಾಗದದಿಂದ. ಗಂಡನಿಗೆ ಎದೆನೋವು ಬಂದ ದಿನ ಅತ್ತೆ ಮಗಳ ಮನೆಯಲ್ಲಿದ್ದರು. ಅವರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಸ್ಪತ್ರೆ ಕೊಟ್ಟ ವರದಿಯನ್ನು ಮೈದುನ ತಾಯಿಗೆ ಓದಿ ಹೇಳಿದ: ಮನೆಯವರು ರೋಗಿಯನ್ನು ತಡವಾಗಿ ಕರೆತಂದರು. ಮನೆಯವರು ಎಂದರೆ ಆ ದಿನ ಅವಳೊಬ್ಬಳೇ. ನೋವೆಂದ ಇಪ್ಪತ್ತೈದು ನಿಮಿಷಕ್ಕೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು, ಒಳಗೆ ಎರಡು ಕುರ್ಚಿ ಜೋಡಿಸಿ ಮಲಗಿಸಿಕೊಂಡು ಒಂದೂವರೆ ಗಂಟೆ ಕಾದೆವು ಎಂದು ಅವಳು ಒಂದೇ ಒಂದು ಸಲ ಹೇಳಿದಳು. "ಡಾಕ್ಟರು ಯಾಕೆ ಸುಳ್ಳು ಬರೀತಾರೆ?" ಎಂದು ಅತ್ತೆ ಕೇಳಿದರು. ಆಸ್ಪತ್ರೆಯಲ್ಲಿ ಕಾದ ಅಷ್ಟೂ ಹೊತ್ತು ಗಂಡನ ಶೂಗಳನ್ನು ಕೈಯಲ್ಲೇ ಹಿಡಿದಿದ್ದಳು. "ಕೆಳಗಿಡೇ, ಕೈ ಕೊಳೆಯಾಗುತ್ತೆ" ಎಂದಿದ್ದ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಇವತ್ತು ಅವಳು ಕೈಕಾಲು ತೊಳೆಯದೆ ಬೀರು ತೆಗೆದು ಆ ಕಾಗದವನ್ನು ಹುಡುಕಿದಳು. ಬಾಯಿಪಾಠವಾಗುವಷ್ಟು ಸಲ ಓದಿದ್ದ ಹಾಳೆ. ಅಷ್ಟು ಸಲವೂ ಹೆಂಡತಿಯಾಗಿ ಓದಿದ್ದಳು. ಇವತ್ತು ಕಣ್ಣು ಬೇರೆ ಥರ ಓಡಿತು. 'ಎಕ್ಸ್‌ಪೈರ್ಡ್' ಎಂದಿದೆ. ಸಂಖ್ಯೆಗಳೆಲ್ಲ ಅಂಕಿಯಲ್ಲಿವೆ. ಪೂರ್ಣವಿರಾಮದ ನಂತರ ಎರಡು ಸ್ಪೇಸ್. ಯಾವ ಅಕೌಂಟೋ ಏನೋ, ಏಳರ ಅಣ್ಣನೋ ತಮ್ಮನೋ ಇರಬೇಕು. ಇದನ್ನೂ ಎಲ್ಲೋ ಒಬ್ಬಳು ಪೆಡಲ್ ತುಳಿಯುತ್ತ ಟೈಪ್ ಮಾಡಿದ್ದಾಳೆ.

ನಡುವಿನ ಸಾಲಿಗೆ ಬಂದಾಗ ಕಣ್ಣು ಎಡವಿತು.

ಅವಳು ಹಳೆಯ ಲಕೋಟೆಯೊಂದರ ಅಂಚನ್ನು ಹರಿದು, ಎರಡು ಸ್ಪೇಸಿನ ಅಗಲಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿ, ಪೂರ್ಣವಿರಾಮದಿಂದ ಪೂರ್ಣವಿರಾಮಕ್ಕೆ ಸರಿಸುತ್ತ ಹೋದಳು. ಎಲ್ಲ ಕಡೆ ಸರಿಯಾಗಿ ಕೂತಿತು. ಒಂದು ಕಡೆ ಕೂರಲಿಲ್ಲ. ಅಲ್ಲಿ ಗುರುತಿನ ಎರಡರಷ್ಟು ಜಾಗ, ನಾಲ್ಕು ಸ್ಪೇಸ್. ಆ ಜಾಗ ದಾಟಿದರೆ ಸಿಗುವ ವಾಕ್ಯ: ಮನೆಯವರು ರೋಗಿಯನ್ನು ತಡವಾಗಿ ಕರೆತಂದರು.

ಎರಡು ವಾಕ್ಯಗಳ ನಡುವೆ ಇದ್ದ ಮೂರನೆಯದೊಂದನ್ನು ಅಳಿಸಿ, ಅದರ ಹಿಂದಿನ ಎರಡು ಸ್ಪೇಸನ್ನು ಅಳಿಸಲು ಮರೆತರೆ ಹೀಗಾಗುತ್ತದೆ. ಹೊಸಬರು ದಿನಕ್ಕೆ ಹತ್ತು ಸಲ ಮಾಡುವ ತಪ್ಪು. ಮೂರನೇ ಅಕೌಂಟಿನಲ್ಲೇ ಇದ್ದಿದ್ದರೆ ಅವಳಿಗೆ ಇದು ಜನ್ಮದಲ್ಲಿ ಕಾಣುತ್ತಿರಲಿಲ್ಲ. ಅಲ್ಲಿ ಸ್ಪೇಸ್ ಎಣಿಸುವವರೇ ಇರಲಿಲ್ಲ.

ಮೊದಲು ಸಿಟ್ಟು ಬಂದದ್ದು ಡಾಕ್ಟರ ಮೇಲಲ್ಲ. ಆ ಟೈಪ್ ಮಾಡಿದವಳ ಮೇಲೆ. ಅವಳಿಗೆ ಕಿವಿ ಇತ್ತು. ಅಳಿಸಿದ ವಾಕ್ಯವನ್ನು ಈ ಲೋಕದಲ್ಲಿ ಡಾಕ್ಟರನ್ನು ಬಿಟ್ಟರೆ ಅವಳೊಬ್ಬಳೇ ಕೇಳಿದ್ದಳು. ಕೇಳಿ, ಅಳಿಸಿ, ಮುಂದಿನ ಫೈಲು ತೆರೆದಿದ್ದಳು.

"ಅತ್ತೆ, ಇಲ್ಲಿ ನೋಡಿ."

ಅತ್ತೆ ಕಾಗದವನ್ನು ಗುರುತಿಸಿದರು. ಮಡಿಸುತ್ತಿದ್ದ ಟವೆಲ್ಲು ಕೈಯಲ್ಲೇ ಉಳಿಯಿತು. "ಮತ್ತೆ ಯಾಕೆ ಅದು?"

"ಇಲ್ಲಿ. ಈ ಜಾಗ."

"ಏನಿದೆ ಅಲ್ಲಿ?"

"ಏನೂ ಇಲ್ಲ."

"ಏನೂ ಇಲ್ಲದ್ದನ್ನ ಏನೇ ನೋಡೋದು?"

"ಅದನ್ನೇ ನೋಡಿ ಅತ್ತೆ. ಇಲ್ಲೊಂದು ಮಾತಿತ್ತು. ನಾವು ಯಾವಾಗ ಬಂದ್ವಿ, ಅವರು ಯಾವಾಗ ನೋಡಿದ್ರು ಅಂತ ಇದ್ದಿರಬೇಕು. ತೆಗೆಸಿದ್ದಾರೆ. ನಾನು ಮಾಡೋ ಕೆಲಸವೇ ಇದು, ನನಗೆ ಗೊತ್ತಾಗುತ್ತೆ."

"ಎಂಟು ತಿಂಗಳು ಗೊತ್ತಾಗ್ಲಿಲ್ಲ?"

ಅವಳಿಗೆ ಏಳನೇ ಅಕೌಂಟು, ಎರಡು ಸ್ಪೇಸು, ಕೆಂಪು ಎಲ್ಲವನ್ನೂ ವಿವರಿಸಬೇಕಿತ್ತು. ಬಾಯಿ ತೆರೆದಳು. ಅತ್ತೆ ಎದ್ದು ಸ್ವಿಚ್ಚಿನತ್ತ ಹೋದರು.

"ದೀಪ ತಡವಾಯ್ತು" ಎಂದರು.

ಅವಳು ಕಾಗದವನ್ನು ಒಳಗಿಡಲಿಲ್ಲ. ಲಕೋಟೆಯ ಚೂರನ್ನು ಅದರ ಮೇಲಿಟ್ಟು ಮೇಜಿನಲ್ಲೇ ಬಿಟ್ಟಳು.

ಮರುದಿನ ಹತ್ತೂವರೆಗೆ ಆ ಫೈಲು ತೆರೆದಳು. ಡಾಕ್ಟರು ತೆಗೆಯಿರಿ ಎಂದದ್ದನ್ನೆಲ್ಲ ತೆಗೆದಳು. 'ಎರಡು ಹತ್ತು' ಹೋಯಿತು, 'ಮೂರು ಐವತ್ತು' ಹೋಯಿತು. ಹಾಕಿ ಎಂದ ವಾಕ್ಯದ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಇದನ್ನು ಹಾಕಿದರೆ ಇನ್ನೊಂದು ಮನೆಯ ಬೀರುವಿನಲ್ಲಿ ಇನ್ನೊಂದು ಕಾಗದ. ಅಲ್ಲಿಯೂ ಒಬ್ಬ ಹೆಂಡತಿ. ಅವಳಿಗೆ ಸ್ಪೇಸ್ ಎಣಿಸಲು ಬರುವುದಿಲ್ಲ.

ಅವಳು ಅಲ್ಲಿ ಒಂದು ಉದ್ದ ಗೆರೆ ಎಳೆದಳು. ಗೆರೆಯ ಪಕ್ಕ, ದನಿಯಲ್ಲಿ ಆ ಮಾತು ಬರುವ ಸಮಯ ನಮೂದಿಸಿದಳು: ಒಂದು ನಿಮಿಷ, ನಲವತ್ತೆರಡು ಸೆಕೆಂಡು.

ಗೆರೆ ಎಂದರೆ ಕೇಳಿಸಲಿಲ್ಲ ಎಂದರ್ಥ. ಹನ್ನೊಂದೂ ಅಕೌಂಟುಗಳು ಒಪ್ಪುವ ನಿಯಮ ಅದೊಂದೇ. ಗೆರೆ ಬಿದ್ದ ಫೈಲು ಡಾಕ್ಟರಿಗೇ ವಾಪಸು ಹೋಗುತ್ತದೆ. ಅವರು ತಮ್ಮ ದನಿಯನ್ನು ತಾವೇ ಕೇಳಿ, ತಮ್ಮ ಕೈಯಲ್ಲೇ ತುಂಬಿ, ಕೆಳಗೆ ಸಹಿ ಹಾಕಬೇಕು. ಆದರೆ ಅದಕ್ಕೆ ಮೊದಲು ಎರಡನೇ ಕಿವಿಯೊಂದು ಕೇಳಿ, ಹೌದು, ಕೇಳಿಸುತ್ತಿಲ್ಲ ಎನ್ನಬೇಕು. ಆ ಎರಡನೇ ಕಿವಿ ಕೆಂಪಕ್ಕನದು.

ಕೆಂಪಕ್ಕ ಹದಿನೈದು ವರ್ಷದಿಂದ ತಪ್ಪು ತಿದ್ದುವವಳು. ಹುಟ್ಟಿಸಿದ ದೇವರಿಗೂ ಒಂದು ಕೆಂಪು ಹಾಕಿಯೇ ಹುಟ್ಟಿದವಳೆಂದು ಸಾಲಿನವರು ಆಡಿಕೊಳ್ಳುತ್ತಿದ್ದರು. ಅವಳು ತೆರೆ ನೋಡಿದಳು, ಗೆರೆ ನೋಡಿದಳು, ಕನ್ನಡಕದ ಮೇಲಿಂದ ಇವಳನ್ನು ನೋಡಿದಳು.

"ನಿನಗೆ ಕೇಳಿಸಲಿಲ್ವಾ? ಮೊಲದ ಕಿವಿ ಕಣೇ ನಿಂದು. ಗೊರಕೆ ಡಾಕ್ಟರ ಗೊರಕೆ ಒಳಗಿಂದ ಮಾತ್ರೆ ಹೆಸರು ಹೆಕ್ಕಿದವಳು ನೀನು."

"ಕೇಳಿಸಲಿಲ್ಲ ಅಕ್ಕ."

"ಮೊನ್ನೆ ಕೇಳಿಸಿತ್ತು."

"ಮೊನ್ನೆ ನನ್ನ ಕಿವಿ ಇನ್ನೂ ಮೂರನೇ ಅಕೌಂಟಲ್ಲಿತ್ತು."

ಕೆಂಪಕ್ಕ ಹೆಡ್‌ಫೋನ್ ಹಾಕಿಕೊಂಡಳು. ಒಂದು ಸಲ ಕೇಳಿದಳು. ಪೆಡಲ್ ಒತ್ತಿ ಇನ್ನೊಂದು ಸಲ ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಅವಳ ಮುಖವೂ ಸ್ಟೈಲ್ ಪಟ್ಟಿಯ ಹಾಗೆ ಪ್ಲಾಸ್ಟಿಕ್ ಹೊದ್ದುಕೊಂಡಿರುತ್ತಿತ್ತು. ಮೂರನೇ ಸಲ ಕೇಳಿ ಹೆಡ್‌ಫೋನ್ ಕೆಳಗಿಟ್ಟಳು.

"ಹಾಳಾದ ಬಿಸ್ಕತ್ತು" ಎಂದಳು. "ಬಾಯಿ ತುಂಬ ತುಂಬ್ಕೊಂಡು ಮಾತಾಡಿದ್ರೆ ಯಾರಿಗೆ ಕೇಳಿಸ್ಬೇಕು?" ಎರಡನೇ ಕಿವಿಯ ಚೌಕದಲ್ಲಿ ಗುರುತು ಹಾಕಿದಳು. "ಗೆರೆ ಹಿಂದೆ ಒಂದೇ ಸ್ಪೇಸ್ ಬಿಟ್ಟಿದೀಯ. ಎರಡು ಹಾಕು."

ಹಾಕಿದಳು. ಹನ್ನೊಂದು ಮುಕ್ಕಾಲಿಗೆ ಫೈಲು ಹೋಯಿತು.

ಹನ್ನೆರಡಕ್ಕೆ ಗಾಜಿನ ಕೋಣೆಯಿಂದ ಕರೆ ಬಂತು. ಲೀಡರ ಕಿವಿಯ ಮೇಲೂ ಹೆಡ್‌ಫೋನಿತ್ತು. ಅದನ್ನು ಕಿತ್ತು ಮೇಜಿನ ಮೇಲೆ ಎಸೆದ.

"ಸ್ವಚ್ಛವಾಗಿ ಕೇಳಿಸ್ತಿದೆ! ಬೀದೀಲಿ ಹೋಗೋ ಕಿವುಡನಿಗೂ ಕೇಳಿಸುತ್ತೆ! ಆಟ ಆಡ್ತಿದೀರಾ? ಡಾಕ್ಟರು ನನ್ನನ್ನ ಏನಂತಾರೆ?"

"ಏನಂದ್ರೂ ಅವರ ಬಾಯಲ್ಲೇ ಅನ್ನಲಿ ಸಾರ್. ಅವರ ಕೈಯಲ್ಲೇ ಬರೀಲಿ. ಕೈ ಅಂತೂ ಇದೆಯಲ್ಲ ಅವರಿಗೂ."

"ನೀವು ಸರಿ ಮಾಡಿಕೊಟ್ಟಿಲ್ಲ. ಆ ಕೆಂಪು ಹಾಗೇ ಉಳೀತು. ಮೂರಾಯ್ತು." ಅವನ ದನಿ ಏರಿತು. "ಏಳರಿಂದ ಇಳಿದ್ರಿ. ಈಗಲೇ. ಕುರ್ಚಿ ಖಾಲಿಯಾದ್ರೆ ಕರೀತೀವಿ."

"ಸಮಾಧಾನ ಸಾರ್" ಎಂದಳು ಅವಳು.

ಮೇಜಿಗೆ ಬಂದು ನೀರಿನ ಬಾಟಲಿ, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಎಂಟು ತಿಂಗಳಿಂದ ಮರಗಟ್ಟಿದ್ದ ಎದೆಯೊಳಗೆ ಏನೋ ಕುದಿಯುತ್ತಿತ್ತು, ಆ ಬಿಸಿ ಅವಳಿಗೆ ಬೇಡವೆನಿಸಲಿಲ್ಲ. ಹೊರಡುವಾಗ ಕೆಂಪಕ್ಕ ತಲೆಯೆತ್ತಲಿಲ್ಲ. ಇವಳು ಹಾದುಹೋಗಲೆಂದು ಕುರ್ಚಿಯನ್ನು ಮಾತ್ರ ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು.

ಹೊರಗೆ ನೆತ್ತಿಯ ಮೇಲೆ ಬಿಸಿಲಿತ್ತು. ವಾರದ ನಡುವೆ ಈ ಹೊತ್ತಿಗೆ ಅವಳು ತನ್ನ ಬೀದಿಯನ್ನು ನೋಡಿಯೇ ಎಷ್ಟೋ ಕಾಲವಾಗಿತ್ತು. ಮೂರು ಮಹಡಿಯನ್ನು ನಿಧಾನವಾಗಿ ಹತ್ತಿದಳು. ಕೆಲಸ ಹೋದದ್ದನ್ನು ಹೇಗೆ ಹೇಳುವುದೆಂದು ಪ್ರತಿ ಮೆಟ್ಟಿಲಿಗೂ ಒಂದು ವಾಕ್ಯ ಕಟ್ಟಿ ಅಳಿಸಿದಳು.

ಬಾಗಿಲು ಮುಂದೆ ಮಾಡಿತ್ತಷ್ಟೇ. ಅತ್ತೆ ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ ಕೂತಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ. ತೊಡೆಯ ಮೇಲೆ ಆ ಕಾಗದ, ಅದರ ಮೇಲೆ ಲಕೋಟೆಯ ಚೂರು. ಓದಲು ಬಾರದ ಸಾಲುಗಳ ಮೇಲೆ ಅವರು ಆ ಚೂರನ್ನು ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ ಸರಿಸುತ್ತಿದ್ದರು. ಸರಿಸಿ, ನಿಲ್ಲಿಸಿ, ಬಾಗಿ ನೋಡಿ, ಮತ್ತೆ ಸರಿಸುತ್ತಿದ್ದರು. ನಡುವಿನ ಸಾಲಿನಲ್ಲಿ ಚೂರು ನಿಂತಿತು.

ಅವಳು ಚಪ್ಪಲಿ ಬಿಟ್ಟ ಸದ್ದಿಗೆ ಅತ್ತೆ ಕಾಗದವನ್ನು ಮುಚ್ಚಿಡಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಬೇಗ ಬಂದೆ" ಎಂದರು.

ಬೆರಳಿನ ಉಗುರು ಆ ಖಾಲಿ ಜಾಗದ ಮೇಲೆ ಹಾಗೇ ಇತ್ತು.