ಎರಡು ಕೈಯ ಪ್ರೆಸ್ಸು

ಬರಗೂರಿನ ಆಶಾರಾಣಿ ಕಾರ್ಖಾನೆಗೆ ಸೇರಿ ಮೂರು ವರ್ಷ ತುಂಬಿತ್ತು. ಸಾವಿರಾರು ಜನ ದುಡಿಯುವ, ವಾಹನಗಳ ಬಿಡಿಭಾಗ ತಯಾರಿಸುವ ದೊಡ್ಡ ಕಂಪನಿ ಅದು. ಬೆಳಕು ಹರಿಯುವ ಮುಂಚೆಯೇ ಊರ ಬಾಗಿಲಿಗೆ ಕಂಪನಿ ಬಸ್ಸು ಬರುತ್ತಿತ್ತು. ಕ್ಯಾಂಟೀನಿನಲ್ಲಿ ಬಿಸಿ ಮುದ್ದೆ, ತಿಂಗಳು ಹುಟ್ಟಿದರೆ ತಪ್ಪದ ಸಂಬಳ. ಅತ್ತೆ ಹನುಮಕ್ಕನ ಆಪರೇಷನ್ ಆಗಿದ್ದೂ ಇಎಸ್‌ಐ ಕಾರ್ಡಿನ ದೆಸೆಯಿಂದಲೇ. ಆದರೆ ಎಂಟು ಗಂಟೆ ನಿಂತೇ ಇರಬೇಕು. ಶೌಚಾಲಯಕ್ಕೆ ಹೋಗಲೂ ಬದಲಿ ಆಳಿಗಾಗಿ ಕಾಯಬೇಕು. ಪಾದ ಊದಿಕೊಂಡು ಚಪ್ಪಲಿ ಹಿಡಿಸದ ದಿನಗಳಿದ್ದವು. ಇದೆಲ್ಲ ತೂಗಿ ನೋಡಿಯೇ ಆಕೆ ಅಲ್ಲಿ ಉಳಿದಿದ್ದಳು. ಮುಂದಿನ ತಿಂಗಳು ಕಾಯಂ ಆಗುವವರ ಪಟ್ಟಿ ಬರುವುದಿತ್ತು. ಅದರಲ್ಲಿ ತನ್ನ ಹೆಸರಿದೆಯೆಂದು ಕೇಳಿದ್ದಳು.

ಅವಳದು ತಗಡು ಒತ್ತುವ ಹಳೆಯ ಪ್ರೆಸ್ಸು. ಎರಡು ಬಟನ್ನುಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಹಾಗಾಗಿ ಬೆರಳು ಸಿಕ್ಕಿಕೊಳ್ಳುವ ಮಾತೇ ಇಲ್ಲ. ಒಂದು ಸೋಮವಾರ ಬಂದು ನೋಡಿದರೆ, ಎಡಗಡೆಯ ಬಟನ್ನು ಒತ್ತಿಯೇ ಇರುವಂತೆ ಅದಕ್ಕೆ ಟೇಪು ಸುತ್ತಿದ್ದರು. ಪಕ್ಕದ ಗೌಸಿಯಾಳ ಪ್ರೆಸ್ಸಿಗೂ ಹಾಗೆಯೇ.

ಆಶಾರಾಣಿ ಟೇಪು ಕಿತ್ತೆಸೆದಳು. ಸೂಪರ್‌ವೈಸರ್ ನವೀನ್ ಕುಮಾರ್ ಓಡಿಬಂದ.

“ಯಾಕಮ್ಮಾ ಕಿತ್ತೆ? ಒಂದ್ ಕೈಲಿ ಪೀಸ್ ಇಡು, ಇನ್ನೊಂದ್ ಕೈಲಿ ಒತ್ತು. ಟಾರ್ಗೆಟ್ ಜಾಸ್ತಿ ಮಾಡವ್ರೆ.”

“ಕೈ ಒಳಗಿದ್ದಾಗ ಒತ್ಬುಟ್ರೆ ಸಾರ್?”

“ಹುಷಾರಾಗಿ ಮಾಡು.”

“ನಾನು ಓಡ್ಸಲ್ಲ ಸಾರ್.”

ಮಿಕ್ಕ ಹೆಂಗಸರು ತಲೆಯೆತ್ತಲಿಲ್ಲ. ನವೀನ್ ಕುಮಾರ್ ದನಿ ತಗ್ಗಿಸಿದ. “ಪಟ್ಟಿಗೆ ಇನ್ನೂ ಸೈನ್ ಆಗಿಲ್ಲ, ಗ್ಯಾಪಕ ಇರ್ಲಿ.” ಅಂದೇ ಅವಳನ್ನು ಪ್ಯಾಕಿಂಗಿಗೆ ಹಾಕಿದ.

ಸಂಜೆ ವಿಷಯ ಕೇಳಿ ಹನುಮಕ್ಕ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. “ಬುಟ್ಬುಡು ಕಣೆ ಆ ಕೆಲ್ಸಾನ. ಬೆರಳು ಹೋದ್ರೆ ಯಾವ ಕಂಪನಿ ತಂದ್ಕೊಟ್ಟಾತು?”

“ಒಂದ್ ತಿಂಗ್ಳು ಬಾಯ್ ಮುಚ್ಕೊಂಡಿರು, ಕಾಯಂ ಆಗ್ಲಿ,” ಎಂದ ಗಂಡ ರೇವಂತ್.

“ಬುಡಾದೂ ಇಲ್ಲ, ಬಾಯ್ ಮುಚ್ಕಳಾದೂ ಇಲ್ಲ,” ಎಂದಳು ಆಶಾರಾಣಿ. “ಕೆಲ್ಸ ಒಳ್ಳೇದೇ ಐತೆ. ಆ ಟೇಪು ಹೋಗ್ಬೇಕು ಅಷ್ಟೇ.”

ಮರುದಿನ ಕಂಪನಿಯ ಸುರಕ್ಷತಾ ಅಧಿಕಾರಿಗೆ ಅರ್ಜಿ ಬರೆದಳು: ಯಾವ ಪ್ರೆಸ್ಸು, ಯಾವ ದಿನ, ಹೇಳಿದ್ದು ಯಾರು. ಮೊದಲ ಸಹಿ ತನ್ನದೇ ಹಾಕಿ, ಬಸ್ಸಿನಲ್ಲಿ ಸೀಟಿನಿಂದ ಸೀಟಿಗೆ ಹೋಗಿ ಮಾತಾಡಿದಳು. ಶಿರಾದ ಗೌಸಿಯಾ ಪೆನ್ನು ಹಿಡಿದು ಹಿಂಜರಿದಳು.

“ಅಕ್ಕಾ, ನಮ್ಮನೆ ನನ್ ಸಂಬಳದ್ ಮೇಲೇ ನಡೀತಿರೋದು.”

“ಅದಕ್ಕೇ ಕಣಮ್ಮ, ನಿನ್ನ ಕೈ ಉಳೀಬೇಕು.”

ಗೌಸಿಯಾ ಕಾಗದವನ್ನು ತೊಡೆಯ ಮೇಲಿಟ್ಟು ಸಹಿ ಹಾಕಿದಳು. ಅವಳನ್ನು ನೋಡಿ ಹಿಂದಿನ ಸೀಟಿನವರೂ ಹಾಕಿದರು. ಗುರುವಾರದ ಹೊತ್ತಿಗೆ ಹದಿನಾಲ್ಕು ಸಹಿಗಳಾದವು.

ಸುರಕ್ಷತಾ ಅಧಿಕಾರಿ ಪರ್ವತಯ್ಯ ಅರ್ಜಿ ಓದಿ ತಾವೇ ಶೆಡ್ಡಿಗೆ ಬಂದರು. ಪ್ರೆಸ್ಸುಗಳನ್ನೆಲ್ಲ ನಿಲ್ಲಿಸಿ, ಒಂದೊಂದೇ ಟೇಪನ್ನು ಕೈಯಾರೆ ಬಿಡಿಸಿದರು. ಟಾರ್ಗೆಟ್ ಇಳಿಯಿತು. ಆಶಾರಾಣಿ ಮತ್ತೆ ತನ್ನ ಪ್ರೆಸ್ಸಿಗೆ ಬಂದಳು. ನವೀನ್ ಕುಮಾರ್ ಮಾತ್ರ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟ.

ಪಟ್ಟಿ ಬಂತು. ಗೌಸಿಯಾಳ ಹೆಸರಿತ್ತು; ಆಶಾರಾಣಿಯದಿರಲಿಲ್ಲ. ತುಂಬಿದ ಕಣ್ಣನ್ನು ತೋಳಿಗೆ ಒರೆಸಿಕೊಂಡು ಅವಳು ನೆಟ್ಟಗೆ ಎಚ್‌ಆರ್ ಆಫೀಸಿಗೆ ನಡೆದಳು. ಕರೆಯದಿದ್ದರೂ ಗೌಸಿಯಾ ಜೊತೆಗೆ ಬಂದಳು.

“ಮುಂದಿನ ಸಲ ನೋಡೋಣಮ್ಮ,” ಎಂದರು ಮ್ಯಾನೇಜರ್ ಯಶೋಧರಾ.

“ಈ ಸಲ ಯಾಕಿಲ್ಲ ಅಂತ ಬರ್ದ್ಕೊಡಿ ಮೇಡಂ. ನನ್ನ ತಪ್ಪೇನು ಅಂತ ತಿಳೀಲಿ.”

ಯಶೋಧರಾ ಕಂಪ್ಯೂಟರಿನಲ್ಲಿ ಅವಳ ಹಾಜರಿ, ಕೆಲಸದ ದಾಖಲೆ ತೆಗೆದು ಬಹಳ ಹೊತ್ತು ನೋಡಿದರು. ಬರೆಯಲು ಒಂದು ತಪ್ಪೂ ಸಿಗಲಿಲ್ಲ. ಕೊನೆಗೆ, ಅವಳ ಹೆಸರನ್ನು ಪೂರಕ ಪಟ್ಟಿಗೆ ಶಿಫಾರಸು ಮಾಡಲಾಗಿದೆ ಎಂದು ಒಂದು ಪತ್ರ ಬರೆದು ಸಹಿ ಹಾಕಿ ಕೊಟ್ಟರು.

ಆಶಾರಾಣಿ ಎರಡು ಸಲ ಓದಿ, ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದಳು.

“ತಾರೀಕು ಹಾಕಿಲ್ಲ ಮೇಡಂ.”

ಯಶೋಧರಾ ಅವಳನ್ನೊಮ್ಮೆ ದಿಟ್ಟಿಸಿ, ಪೆನ್ನು ತೆಗೆದುಕೊಂಡರು.