ನೋಡಿಕೊಳ್ಳುವವರ ಪಿಂಚಣಿ

ಸುವರ್ಣಾಗೆ ಒಂದು ಚಟವಿತ್ತು. ಯಾವ ಕೌಂಟರಿಗೆ ಹೋದರೂ, ತನ್ನ ಕೆಲಸ ಮುಗಿದ ಮೇಲೆ ಕೆಲಸಕ್ಕೆ ಬಾರದ ಇನ್ನೊಂದು ಪ್ರಶ್ನೆ ಕೇಳದೆ ಅಲ್ಲಿಂದ ಕದಲುತ್ತಿರಲಿಲ್ಲ. ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ಟಿಕೆಟ್ಟು ಕೊಡುವವಳನ್ನು, ನೀವು ಊಟಕ್ಕೆ ಎದ್ದರೆ ಈ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಕೇಳಿ ಹಿಂದೆ ನಿಂತವರಿಂದ ಬೈಸಿಕೊಂಡವಳು ಅವಳು. ಸರ್ಕಾರಿ ಅರ್ಜಿ ತೆಗೆದುಕೊಳ್ಳುವ ಮೀ ಸೇವಾ ಕೇಂದ್ರದ ಹುಡುಗಿ ಪಿಂಚಣಿಯ ಬಗೆಗಳನ್ನೆಲ್ಲ ವಿವರಿಸಿ ದಣಿದ ಮೇಲೂ ಸುವರ್ಣಾ ತನ್ನ ಅರೆಬರೆ ತೆಲುಗಿನಲ್ಲಿ ಕೇಳಿಯೇ ಬಿಟ್ಟಳು: ಮುದುಕರಿಗೆ ಇದೆ, ವಿಧವೆಯರಿಗೆ ಇದೆ, ಅಂಗವಿಕಲರಿಗೆ ಇದೆ, ಮನೆಯಲ್ಲಿ ಇವರನ್ನೆಲ್ಲ ನೋಡಿಕೊಳ್ಳುವವರಿಗೆ ಯಾವುದಿದೆ?

ಹುಡುಗಿ ನಕ್ಕಳು. ಅಂಥದ್ದೊಂದನ್ನು ತಾನು ಕಂಡಿಲ್ಲ ಎಂದಳು.

ಇದ್ದದ್ದು ಎರಡೇ ದಾರಿ. ಸುವರ್ಣಾಳ ಗಂಡ ವೈಜನಾಥ ತೀರಿಕೊಂಡಿದ್ದರಿಂದ ವಿಧವಾ ಪಿಂಚಣಿ ಸಿಗಬಹುದು. ಆದರೆ ಅದೇ ಮನೆಯಲ್ಲಿ ಅತ್ತೆ ಅಂಬವ್ವ ವೃದ್ಧಾಪ್ಯ ಪಿಂಚಣಿ ಪಡೆಯುತ್ತಿದ್ದಾಳಲ್ಲ, ಮನೆಗೆ ಇವೆರಡರಲ್ಲಿ ಒಂದೇ. ಸೊಸೆಯ ಹೆಸರು ಸೇರಬೇಕಾದರೆ ಅತ್ತೆಯ ಹೆಸರು ಹೊಡೆಸಬೇಕು. ಅಂಗವಿಕಲರ ಪಿಂಚಣಿಯ ಲೆಕ್ಕ ಬೇರೆ, ಅದಕ್ಕೆ ಈ ಅಡ್ಡಿಯಿಲ್ಲ. ಅದು ಬೇಕೆಂದರೆ ಸರ್ಕಾರಿ ಆಸ್ಪತ್ರೆಯ ಶಿಬಿರಕ್ಕೆ ಹೋಗಿ ಡಾಕ್ಟರರ ಮುಂದೆ ಕೈ ಚಾಚಿ, ನನ್ನಿಂದ ಆಗುವುದಿಲ್ಲ ಎಂದು ತೋರಿಸಬೇಕು.

ಆಗುತ್ತಿರಲಿಲ್ಲ, ಅದು ಸುಳ್ಳಲ್ಲ. ಸಂಧಿವಾತ ಬಂದು ಸುವರ್ಣಾಳ ಬೆರಳುಗಳು ಗಂಟುಗಂಟಾಗಿ ಒಂದು ಕಡೆಗೆ ವಾಲಿಕೊಂಡಿದ್ದವು. ಸೀರೆಗೆ ಫಾಲ್ ಹಚ್ಚುವ, ಹೊಲಿಯುವ ಕೆಲಸ ನಿಂತುಹೋಗಿ ಸಂಸಾರ ಬಿಗಿಯಾಗಿತ್ತು. ಅತ್ತೆಯ ಹೆಸರು ಹೊಡೆಸುವ ಮಾತನ್ನಂತೂ ಅವಳು ಮನೆಗೆ ಒಯ್ಯಲೇ ಇಲ್ಲ. ಸೊಂಟ ಮುರಿದು ಮಂಚ ಹಿಡಿದ ಅಂಬವ್ವನಿಗೆ ತನ್ನದೆಂದು ಉಳಿದದ್ದು ಅದೊಂದೇ ದುಡ್ಡು. ಅದರಲ್ಲಿ ಎಲೆ ಅಡಿಕೆ ತರಿಸಿಕೊಂಡು, ಮಿಕ್ಕಿದ್ದನ್ನು ದೊಡ್ಡ ಸಾಹುಕಾರಳ ಠೀವಿಯಲ್ಲಿ ಸೊಸೆಯ ಕೈಗಿಡುತ್ತಿದ್ದಳು.

ಹಾಗಾದರೆ ಕೈ ತೋರಿಸಿಬಿಟ್ಟರಾಯಿತಲ್ಲ? ಅಲ್ಲೇ ಇತ್ತು ತೊಡಕು. ಅಂಬವ್ವನ ಕಿರಿಯ ಮಗ ಮಹೇಶಕುಮಾರ ಅದೇ ಊರಿನ ಆಚೆ ತುದಿಯ ಮಣಿಕೊಂಡದಲ್ಲಿದ್ದ. ಗಂಡ ಹೆಂಡತಿ ಇಬ್ಬರೂ ನೌಕರಿ. ಕೆಟ್ಟವನಲ್ಲ, ಬಂದಾಗಲೆಲ್ಲ ಹಣ್ಣು ತರುತ್ತಿದ್ದ, ಹೋಗುವಾಗಲೆಲ್ಲ ಅತ್ತಿಗೆಗೆ ಒಂದೇ ಮಾತು ಹೇಳುತ್ತಿದ್ದ. "ವೈನಿ, ನಿಮ್ಮ ಕೈಲೆ ಆಗಂಗಿಲ್ಲ ಅನ್ನೂ ದಿನ ಒಂದು ಮಾತು ಹೇಳ್ರಿ. ಅವ್ವನ್ನ ಚಲೋ ವೃದ್ಧಾಶ್ರಮದಾಗ ಇಡ್ತೀನಿ. ನೀವೂ ಆರಾಮ ಇರ್ತೀರಿ." ಅವನು ಬಂದಾಗ ಸುವರ್ಣಾ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಆಗುವುದಿಲ್ಲ ಎಂದು ಸರ್ಕಾರವೇ ಬರೆದುಕೊಟ್ಟರೆ, ಅತ್ತೆಯನ್ನು ಒಯ್ಯಲು ಅವನಿಗೆ ಇನ್ನೇನು ಬೇಕು?

ಆದರೂ ಶಿಬಿರಕ್ಕೆ ಹೆಸರು ಬರೆಸಿದಳು. ಮಹೇಶನಿಗೆ ತಿಳಿಯದ ಹಾಗೆ ಹೋಗಿ ಬರಬೇಕು ಎಂದುಕೊಂಡಳು. ಮಂಚದಲ್ಲೇ ಇದ್ದು ಊರಿಗೆಲ್ಲ ಫೋನು ಹಚ್ಚುವ ಅತ್ತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಆಟೋದಾಗ ನನ್ನ ಸೊಂಟ ಉಳಿಯಂಗಿಲ್ಲ, ಅದಕ್ಕ ಮಹೇಶಗ ಕಾರ್ ತಗೊಂಡು ಬಾ ಅಂದೀನಿ," ಎಂದಳು ಅಂಬವ್ವ, ಭಾರೀ ಉಪಕಾರ ಮಾಡಿದವಳಂತೆ.

"ಅತ್ತಿ, ನಿಮಗ ಬರ್ರಿ ಅಂತ ಯಾರು ಹೇಳ್ಯಾರ?"

"ನಾ ಬರದ ನೀ ಹೆಂಗ ಹೋಗ್ತಿ?"

ಅದೂ ಖರೆ. ಅತ್ತೆಯನ್ನು ಒಬ್ಬಳೇ ಬಿಟ್ಟು ಹೋಗುವಂತಿರಲಿಲ್ಲ. ಮಹೇಶ ಬಂದ, ಅವ್ವನನ್ನು ಎತ್ತಿ ಕಾರಿನಲ್ಲಿ ಕೂರಿಸಿದ, ದಾರಿಯಲ್ಲಿ ಹೇಳಿದ: "ವೈನಿ, ಆಶ್ರಮದಾಗ ಒಂದು ಖೋಲಿ ಖಾಲಿ ಆಗೇತಂತ. ಇವತ್ತ ಹೇಳ್ರಿ ಅನ್ನಾಕತ್ತಾರ." ಸುವರ್ಣಾ ಕಿಟಕಿಯಾಚೆ ನೋಡಿದಳು.

ಶಿಬಿರದ ಡಾಕ್ಟರು ನಡುವಯಸ್ಸಿನ ಹೆಂಗಸು. ಹಿಂದಿಯಲ್ಲಿ ಮಾತಾಡಿದರು. ಹೇಗಿದ್ದೀರಿ ಎಂದರು. ನಮ್ಮ ಬೀದರ ಕಡೆಯವರಿಗೆ ಆ ಪ್ರಶ್ನೆಗೆ ಉತ್ತರ ಒಂದೇ; ಮೈ ಸುಡುತ್ತಿದ್ದರೂ ಅದೇ. "ಆರಾಮ," ಎಂದಳು ಸುವರ್ಣಾ. ಅಡುಗೆ ಮಾಡುತ್ತೀರಾ? ಮಾಡುತ್ತೇನೆ. ತಲೆ ಬಾಚಿಕೊಳ್ಳುತ್ತೀರಾ? ಹೂಂ. ಬಾಗಿಲಲ್ಲಿ ಮಹೇಶ ನಿಂತಿದ್ದ. ಪಿಂಚಣಿ ಬೇಕೆಂದು ಬಂದವಳು ಒಂದೊಂದೇ ಉತ್ತರ ಕೊಟ್ಟು ಪಿಂಚಣಿಗೆ ಕಲ್ಲು ಹಾಕಿಕೊಳ್ಳುತ್ತಿದ್ದಳು. ಡಾಕ್ಟರು ಅವಳ ಬೆರಳು ನೋಡಿದರು, ಮುಖ ನೋಡಿದರು. ಕಾದು ದಣಿದಿದ್ದೀರಿ, ಮೊದಲು ನೀರು ಕುಡಿಯಿರಿ ಎಂದು ಮೇಜಿನ ಮೇಲಿದ್ದ ಹೊಸ ಬಾಟಲಿ ಕೊಟ್ಟರು.

ಸುವರ್ಣಾ ಅದನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡವಳೇ, ದಿನಾ ಮಾಡುವ ಹಾಗೆ, ತಿರುಗಿಯೂ ನೋಡದೆ ಪಕ್ಕಕ್ಕೆ ಚಾಚಿದಳು. ಆಸ್ಪತ್ರೆಯ ಗಾಲಿಕುರ್ಚಿಯಲ್ಲಿದ್ದ ಅಂಬವ್ವ ಮುಚ್ಚಳವನ್ನು ಟಕ್ಕನೆ ತಿರುವಿ, ಬಾಟಲಿಯ ಬಾಯಿಯನ್ನು ಸೆರಗಿನಿಂದ ಒರೆಸಿ, ವಾಪಸು ಕೊಟ್ಟಳು. ಅತ್ತೆ ಸೊಸೆ ಇಬ್ಬರಿಗೂ ಏನೂ ಆದಂತೆ ಅನ್ನಿಸಲಿಲ್ಲ. ಡಾಕ್ಟರರ ಪೆನ್ನು ನಿಂತಿತು.

ಮನೆಯಲ್ಲೂ ಹೀಗೆಯೇ ಏನು ಎಂದು ಅವರು ಅಂಬವ್ವನನ್ನೇ ಕೇಳಿದರು. ಅಂಬವ್ವನಿಗೆ ಕನ್ನಡ ಬಿಟ್ಟರೆ ಬೇರೇನೂ ಬಾರದು. ಡಾಕ್ಟರು ಬಾಗಿಲತ್ತ ನೋಡಿ, ನೀವು ಹೇಳಿ, ಅವರ ಮಾತು ಒಂದೂ ಬಿಡಬೇಡಿ ಎಂದರು. ಮಹೇಶ ಒಳಗೆ ಬಂದ.

"ಇವಳಿಗೆ ಕಾಲ ಅದಾವ, ಕೈ ಇಲ್ಲ. ನನಗ ಕೈ ಅದಾವ, ಕಾಲಿಲ್ಲ," ಎಂದಳು ಅಂಬವ್ವ. "ಮುಂಜಾನೆ ಇವಳ ಕುಪ್ಪಸದ ಗುಂಡಿ ನಾ ಹಾಕ್ತೀನಿ. ಹೆರಳು ಹಾಕ್ತೀನಿ. ಹೆಗಲ ಕೊಟ್ಟು ಕಟ್ಟಿ ಮ್ಯಾಲ ಕೂಡಸ್ತಾಳ, ರೊಟ್ಟಿ ಬಡೀತೀನಿ. ಇವಳು ಹಂಚಿನ ಕಡಿ ನೋಡ್ಕೋತಾಳ."

ಮಹೇಶ ಒಂದೊಂದೇ ಮಾತನ್ನು ಹಿಂದಿಗೆ ತಂದ. ಗುಂಡಿಯ ಮಾತು ಹೇಳುವಾಗ ಅವನ ದನಿ ಇಳಿಯಿತು. ರೊಟ್ಟಿಯ ಹೊತ್ತಿಗೆ ತಿರುಗಿ ಅವ್ವನ ಕೈ ನೋಡಿದ. ಅವನು ಬಂದಾಗಲೆಲ್ಲ ಉಂಡದ್ದು ಅದೇ ರೊಟ್ಟಿ; ವೈನಿ ಬಡಿದದ್ದು ಎಂದೇ ತಿಳಿದು ಹೊಗಳಿದ್ದ.

"ಇದನ್ನೂ ಹೇಳು," ಎಂದಳು ಅಂಬವ್ವ ಮಗನ ಕಡೆ ತಿರುಗಿ. "ನನ್ನ ಎಲ್ಲಿಗರ ಒಯ್ದು ಇಟ್ಟ್ರ, ಇವಳ ಗುಂಡಿ ಯಾರು ಹಾಕವ್ರು?"

ಡಾಕ್ಟರು ಕಾದರು. ಅದೊಂದನ್ನು ಮಹೇಶ ಹಿಂದಿಗೆ ತರಲಿಲ್ಲ.

ಅವರು ಸುವರ್ಣಾಳ ಬೆರಳುಗಳನ್ನು ಮಡಚಿಸಿ, ಬಿಚ್ಚಿಸಿ, ತಮ್ಮ ಕೈ ಹಿಂಡಲು ಹೇಳಿ ನೋಡಿ, ಬರೆದುಕೊಂಡರು. ಈ ಸಲ ಅವಳು ಯಾವುದಕ್ಕೂ ಆರಾಮ ಎನ್ನಲಿಲ್ಲ. ಕೊನೆಗೆ, ಮನೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರ ಹೆಸರೇನು ಎಂದರು. ತನ್ನನ್ನು ಯಾರಾದರೂ ನೋಡಿಕೊಳ್ಳುತ್ತಿದ್ದಾರೆ ಎಂದು ಸುವರ್ಣಾ ಅಲ್ಲಿಯವರೆಗೆ ಎಣಿಸಿಯೇ ಇರಲಿಲ್ಲ. ಅವಳಿಗೆ ನಗೆ ಬಂತು, ಕಣ್ಣೂ ತುಂಬಿತು. "ಅಂಬವ್ವ," ಎಂದಳು.

ಹೊರಗೆ ಕಾರಿನ ಹತ್ತಿರ ಮಹೇಶನ ಫೋನು ರಿಂಗಾಯಿತು. ಆಶ್ರಮದವರು. "ಇಲ್ರಿ, ಖೋಲಿ ಬ್ಯಾಡ್ರಿ," ಎಂದ. ಅತ್ತಲಿಂದ ಏನೋ ಕೇಳಿದರು. "ಇಬ್ಬರನ್ನ ಬ್ಯಾರೆ ಮಾಡಾಕ ಬರಂಗಿಲ್ರಿ. ನನಗ ಗೊತ್ತಿರಲಿಲ್ಲ." ಫೋನು ಜೇಬಿಗೆ ಹಾಕಿ ಅವ್ವನನ್ನು ಎತ್ತಿ ಕೂರಿಸಿದ. ಆಮೇಲೆ ಸುತ್ತಿ ಬಂದು ವೈನಿಯ ಕಡೆಯ ಬಾಗಿಲನ್ನೂ ತಾನೇ ತೆರೆದ. ಸುವರ್ಣಾ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳದೆ ಹಾಗೇ ತೊಡೆಯ ಮೇಲೆ ಬಿಟ್ಟು ಕೂತಳು.

ಕಾರು ಹೊರಟಿತು. ಅಂಬವ್ವ ಸೊಸೆಯ ಕಡೆ ತಿರುಗಿ ಕೇಳಿದಳು. "ಅಲ್ಲ ಸುವರ್ಣಾ, ನನ್ನ ಹೆಸರು ಬರಕೊಂಡ್ರಲ್ಲ, ನೋಡ್ಕೊಳ್ಳವ್ರಿಗೆ ಏನರ ಕೊಡ್ತಾರೇನು?"

"ಇಲ್ಲತ್ತಿ. ಅದನ್ನ ನಾ ಮೊದಲ ಕೇಳೇನಿ. ನೋಡ್ಕೊಳ್ಳವ್ರಿಗೆ ಏನೂ ಇಲ್ಲ."

"ಹೌದಾ," ಎಂದಳು ಅಂಬವ್ವ, ಸೊಸೆಯ ಕುಪ್ಪಸದ ತೋಳಿನಲ್ಲಿ ಬಿಚ್ಚಿಕೊಂಡಿದ್ದ ಗುಂಡಿಯನ್ನು ಹಾಕುತ್ತಾ.